ಎರೆಯ ನೆಲದಲ್ಲಿ ಹೊಸ ಮನೆ

ಆಸ್ತಿಯನ್ನು ಸ್ಥಾವರ, ಜಂಗಮ ಎಂದು ಎರಡು ಬಗೆಯಾಗಿ ವಿಂಗಡಿಸುವುದು ನಮ್ಮ ಹಳೆಯ ಕಾಗದಪತ್ರಗಳ ರೂಢಿ. ದನಕರು, ಬಂಗಾರ, ಬಂಡಿ ಇವು ಜಂಗಮ. ಹೊಲ ಮನೆಗಳು ಸ್ಥಾವರ. ವಕೀಲರ ಕೆಲಸಕ್ಕೆ ಈ ವಿಂಗಡಣೆ ಸಾಕಾದೀತು. ಭೌತವಿಜ್ಞಾನದ ಕಣ್ಣಿನಿಂದ ನೋಡಿದರೆ ಮಾತ್ರ ಮನೆಯೂ ಜಂಗಮವೇ. ಮಳೆಗಾಲದಲ್ಲಿ ಅದು ತುಸು ಮೇಲೇಳುತ್ತದೆ, ಬೇಸಗೆಯಲ್ಲಿ ಕುಸಿದು ಕೂಡುತ್ತದೆ. ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಇವೆಲ್ಲ ಮನೆಯ ಎಲ್ಲ ಭಾಗಗಳಲ್ಲಿಯೂ ಒಂದೇ ಸಮನಾಗಿ ನಡೆದಿದ್ದರೆ ಒಳಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಮೂಲೆ ಏಳುವಾಗ ಇನ್ನೊಂದು ಸುಮ್ಮನಿದ್ದರೆ ಗೋಡೆ ಬಾಯಿ ಬಿಡುತ್ತದೆ. ಈ ಅನಿವಾರ್ಯ ಚಲನೆಗಳನ್ನು ಮೊದಲೇ ಎಣಿಸಿ ಅವುಗಳಿಗೆ ಎಡೆಮಾಡಿಕೊಡುವುದರಲ್ಲಿ ಮನೆ ಕಟ್ಟುವ ವಿದ್ಯೆಯ ಬಹುಭಾಗ ಅಡಗಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇದಕ್ಕೆ ನಾವು ಉದಾಹರಣೆಯಾಗಿ ಆರಿಸಿಕೊಂಡಿರುವ ಊರು ಹೊರ್ತಿ. ಇಂಡಿ ತಾಲೂಕಿನ ಈ ಊರು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ರೇವಣಸಿದ್ಧೇಶ್ವರನ ಗುಡಿಯಿಂದಾಗಿ ಸುತ್ತಿನ ಜನರಿಗೆಲ್ಲ ಪರಿಚಿತವಾದುದು. ಇಲ್ಲಿಯ ನೆಲದ ರಚನೆ ಸರಳವಾದುದು. ಕೆಳಗೆ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾರಸ ಹೆಪ್ಪುಗಟ್ಟಿ ಆದ ಕರಿಕಲ್ಲು, ಎಂದರೆ ಬಸಾಲ್ಟ್ ಶಿಲೆ. ಅದರ ಮೇಲೆ, ಅರೆಬರೆ ಶಿಥಿಲವಾದ ಗರಸು. ಕಂತ್ರಾಟುದಾರರು ಮುರುಮು ಎನ್ನುವುದು ಇದನ್ನೇ. ಎಲ್ಲಕ್ಕೂ ಮೇಲೆ ಎರೆಮಣ್ಣು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಇಲ್ಲಿ ಸಾಮಾನ್ಯ ಸಂಗತಿ. ಮುಂಗಾರಿನಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಹಿಂಗಾರಿನ ಬಿಳಿಜೋಳಕ್ಕೆ ಉಣಿಸುವುದು ಎರೆಯ ದೊಡ್ಡ ಗುಣ. ಈ ಗುಣವೇ ಗೋಡೆಗೆ ಕಂಟಕವಾಗುತ್ತದೆ.

ಹಾಗಾದರೆ ನಮ್ಮ ಹಿರಿಯರು ಇಲ್ಲಿ ಮನೆ ಕಟ್ಟಿ ಬಾಳಲಿಲ್ಲವೆ ಎಂದು ವಾಚಕರು ಕೇಳಬಹುದು. ಬಾಳಿದರು, ಆದರೆ ಎಲ್ಲಿ ಎಂಬುದನ್ನು ಗಮನಿಸಬೇಕು. ಈ ಸೀಮೆಯ ಹಳೆಯ ಊರುಗಳು ಬಹುಮಟ್ಟಿಗೆ ದಿನ್ನೆಯ ಮೇಲಿವೆ. ದಿನ್ನೆಯಲ್ಲಿ ಎರೆ ತೆಳುವಾಗಿರುತ್ತದೆ. ಎರಡು ಮೂರು ಅಡಿ ತೋಡಿದರೆ ಗರಸು ಸಿಗುತ್ತದೆ. ಒಳ್ಳೆಯ ಹೊಲವನ್ನು ಬೆಳೆಗೆ ಬಿಟ್ಟು ಬಡನೆಲದ ಮೇಲೆ ಮನೆ ಕಟ್ಟಿದುದರಿಂದ ಅವರಿಗೆ ಎರಡು ಕಡೆಯೂ ಲಾಭವಾಯಿತು. ಈಗ ಊರು ದಿನ್ನೆಯಿಂದಿಳಿದು ಹೆದ್ದಾರಿಯ ಬದಿಗೆ, ಹೊಲಗಳ ಕಡೆಗೆ ಹಬ್ಬುತ್ತಿದೆ. ನಿನ್ನೆಯವರೆಗೆ ಜೋಳ ನಿಂತಿದ್ದ ಕಡೆ ಇಂದು ನಿವೇಶನದ ಕಲ್ಲುಗಳು ನಿಂತಿವೆ. ಹಳ್ಳದ ಕಡೆಯ ಹೊಲಗಳಲ್ಲಿ ಎರೆ ಆಳೆತ್ತರಕ್ಕಿಂತಲೂ ಆಳವಾಗಿರುವುದುಂಟು. ಎಂಟು ಹತ್ತು ವರ್ಷ ಲಿಂಬೆ, ದ್ರಾಕ್ಷಿ ಬೆಳೆದು ಕೂಡಿಟ್ಟ ಹಣ, ಅದು ಸಾಲದೆ ತಂದ ಸಾಲ, ಎಲ್ಲವನ್ನೂ ಒಂದು ಕುಟುಂಬ ಈ ನೆಲದ ಮೇಲೆ ಒಮ್ಮೆಲೆ ಹೂಡುತ್ತದೆ. ಆಯ ನೋಡಿಸುತ್ತಾರೆ, ದಿಕ್ಕು ನೋಡಿಸುತ್ತಾರೆ, ಮುಹೂರ್ತ ನೋಡಿಸುತ್ತಾರೆ. ನೆಲವನ್ನು ನೋಡಿಸುವವರು ಮಾತ್ರ ವಿರಳ.

ಎರೆಯ ಸ್ವಭಾವ

ನೆಲವನ್ನು ನೋಡುವ ಒಂದು ಸುಲಭ ಪ್ರಯೋಗವನ್ನು ಇಲ್ಲಿ ವಿವರಿಸುತ್ತೇವೆ. ಪ್ರಯೋಗಶಾಲೆಗಳಲ್ಲಿಯೂ ಇದೇ ಕ್ರಮವನ್ನು ಇನ್ನಷ್ಟು ನಿಯಮಬದ್ಧವಾಗಿ ಅನುಸರಿಸುತ್ತಾರೆ. ಅಳತೆಯ ಗೆರೆಗಳುಳ್ಳ ಎರಡು ಗಾಜಿನ ಕೊಳವೆಗಳನ್ನು ತೆಗೆದುಕೊಳ್ಳಬೇಕು. ನಿವೇಶನದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಸೋಸಿ, ಹತ್ತು ಹತ್ತು ಗ್ರಾಂ ತೂಗಿ ಎರಡರಲ್ಲಿಯೂ ಹಾಕಬೇಕು. ಒಂದಕ್ಕೆ ಸೀಮೆಎಣ್ಣೆಯನ್ನೂ ಇನ್ನೊಂದಕ್ಕೆ ಶುದ್ಧವಾದ ನೀರನ್ನೂ ತುಂಬಿ, ಗಾಳಿಯ ಗುಳ್ಳೆಗಳು ಹೋಗುವಂತೆ ಕದಡಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಮರುದಿನ ಸೀಮೆಎಣ್ಣೆಯಲ್ಲಿರುವ ಮಣ್ಣು ಇದ್ದಷ್ಟೇ ಇರುತ್ತದೆ. ನೀರಿನಲ್ಲಿರುವ ಮಣ್ಣು ಗರಸಿನದಾದರೆ ಅದೂ ಬಹಳ ಬದಲಾಗಿರುವುದಿಲ್ಲ; ಎರೆಯದಾದರೆ ಅದರ ಅರ್ಧದಷ್ಟು, ಕೆಲವೊಮ್ಮೆ ಅದರಷ್ಟೇ ಹೆಚ್ಚು ಉಬ್ಬಿರುತ್ತದೆ. ಮಣ್ಣು ಅದೇ, ತೂಕ ಅದೇ. ನೀರು ಮಾಡಿದ ಕೆಲಸವನ್ನು ಸೀಮೆಎಣ್ಣೆ ಮಾಡಲಾರದೆ ಹೋಯಿತು. ಇದಕ್ಕೆ ಕಾರಣವೇನು?

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಇದು ಹಳೆಯ ಹೊತ್ತಗೆಯ ಹಾಳೆಗಳಂತೆ ಪದರ ಪದರವಾಗಿ ಕುಳಿತಿರುವ ವಸ್ತು. ಒಂದೊಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಪದರಗಳ ಮೇಲೆ ಋಣ ವಿದ್ಯುದಂಶವಿರುತ್ತದೆ; ನಡುವೆ ಸೋಡಿಯಂ, ಕ್ಯಾಲ್ಸಿಯಂ ಮೊದಲಾದವುಗಳ ಧನ ಅಯಾನುಗಳು ನಿಂತು ಪದರಗಳನ್ನು ಸಡಿಲವಾಗಿ ಹಿಡಿದಿರುತ್ತವೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಆದುದರಿಂದ ಅದು ಈ ಅಯಾನುಗಳ ಸುತ್ತ ಮುತ್ತಿಕೊಂಡು ಪದರಗಳ ನಡುವೆ ನುಸುಳಿ ಅವುಗಳನ್ನು ಅಗಲಿಸುತ್ತದೆ. ಸೀಮೆಎಣ್ಣೆಯ ಅಣುವಿನಲ್ಲಿ ಈ ಇಬ್ಬಗೆಯಿಲ್ಲ. ಅದಕ್ಕೆ ಒಳಗೆ ಪ್ರವೇಶವಿಲ್ಲ. ಇಂಥ ಶುದ್ಧ ಜೇಡಿಯ ಒಂದೇ ಒಂದು ಗ್ರಾಮಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಅವುಗಳ ಮೈ ಏಳು ನೂರು ಎಂಟು ನೂರು ಚದರ ಮೀಟರಾಗುತ್ತದೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚಿಟಿಕೆ ಮಣ್ಣಿನೊಳಗೆ ಏಳೆಂಟು ಗುಂಟೆ ಹೊಲ ಮಡಿಚಿ ಕುಳಿತಿದೆ! ಅಷ್ಟು ಮೈಗೂ ನೀರು ಅಂಟಿಕೊಳ್ಳಬಲ್ಲುದಾದ್ದರಿಂದ ಎರೆ ಅಷ್ಟು ನೀರನ್ನು ಹಿಡಿಯುತ್ತದೆ. ಬೇಸಗೆಯಲ್ಲಿ ಆ ನೀರು ಆರಿಹೋದಾಗ ಪದರಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ, ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ, ಒಂದು ಮೀಟರಿಗೂ ಆಳದ ಬಿರುಕುಗಳು ಹೊಲದ ತುಂಬ ಕಾಣಿಸಿಕೊಳ್ಳುತ್ತವೆ.

ಹೊರ್ತಿಯ ಹತ್ತಿರ ಪಾಯ ತೋಡುತ್ತಿದ್ದ ವೃದ್ಧ ಗೌಂಡಿಯೊಬ್ಬರು ನಮಗೆ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: “ಎರಿ ಅಂದ್ರ ಉಸುರಾಡೋ ಮಣ್ಣರೀ ಸರ. ಅದರ ಎದೀ ಮ್ಯಾಲ ಮನಿ ಕಟ್ಟಬಾರದು, ಬೆನ್ನೆಲಬು ಸಿಗೂ ತನಕ ತೋಡಬೇಕು.” ಬೆನ್ನೆಲುಬು ಎಂದು ಅವರು ಕರೆದದ್ದು ಗರಸನ್ನು. ಪಠ್ಯಪುಸ್ತಕದ ಒಂದು ಅಧ್ಯಾಯ ಇಷ್ಟರಲ್ಲಿ ಅಡಕವಾಗಿದೆ.

ಪಾಯ

ಮನೆಯ ಭಾರವೇ ಎರೆಯನ್ನು ಅದುಮಿ ಹಿಡಿಯಲಾರದೆ ಎಂಬ ಸಂದೇಹ ಸಹಜ. ಲೆಕ್ಕ ಹಾಕಿ ನೋಡೋಣ. 45 ಸೆಂಟಿಮೀಟರು ದಪ್ಪ, 3.3 ಮೀಟರು ಎತ್ತರದ ಕಲ್ಲುಗೋಡೆಯ ತೂಕ ಒಂದು ಮೀಟರು ಉದ್ದಕ್ಕೆ ಸುಮಾರು 3,500 ಕಿಲೋಗ್ರಾಂ. ಸ್ಲ್ಯಾಬು ಮತ್ತು ಅದರ ಮೇಲಿನ ಭಾರದ ಪಾಲು 1,200 ಎಂದು ಹಿಡಿಯೋಣ. ಒಟ್ಟು 4,700 ಕಿಲೋಗ್ರಾಂ. ಪಾಯದ ಅಗಲ 90 ಸೆಂಟಿಮೀಟರಾದರೆ ಈ ತೂಕ 9,000 ಚದರ ಸೆಂಟಿಮೀಟರುಗಳ ಮೇಲೆ ಹಂಚಿಹೋಗುತ್ತದೆ. ಅಂದರೆ ಮನೆ ನೆಲವನ್ನು ಒತ್ತುವುದು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಉಬ್ಬಲು ಎಡೆಯಿಲ್ಲದಂತೆ ಹಿಡಿದಿಟ್ಟ ಎರೆಮಣ್ಣು ನೀರು ಕುಡಿದಾಗ ಚದರ ಸೆಂಟಿಮೀಟರಿಗೆ ಒಂದರಿಂದ ಮೂರು ಕಿಲೋಗ್ರಾಂ ಒತ್ತಡವನ್ನು ತೋರುವುದು ಅಪರೂಪವಲ್ಲ. ಮನೆಯನ್ನು ಎತ್ತುವಷ್ಟು ಬಲ ನೆಲಕ್ಕಿದೆ, ನೆಲವನ್ನು ಅದುಮುವಷ್ಟು ಭಾರ ಮನೆಗಿಲ್ಲ.

ಆದುದರಿಂದ ಎರೆಯೊಡನೆ ಕುಸ್ತಿಗಿಳಿಯದೆ ಅದನ್ನು ದಾಟಿಹೋಗುವುದೇ ಜಾಣತನ. ಎರೆ ಮೂರು ನಾಲ್ಕು ಅಡಿ ಮಾತ್ರವಿದ್ದರೆ ಅಷ್ಟನ್ನೂ ತೋಡಿ ಪಾಯವನ್ನು ಗರಸಿನ ಮೇಲೆ ಇಡಬೇಕು. ತೋಡಿದ ಎರೆಯನ್ನೇ ಮತ್ತೆ ಪಾಯದ ಪಕ್ಕಕ್ಕೂ ಮನೆಯ ನೆಲದ ಕೆಳಗೂ ತುಂಬುವ ದುಷ್ಟ ರೂಢಿಯೊಂದಿದೆ; ಹಾಗೆ ಮಾಡಿದರೆ ತೋಡಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಆ ತೆರವನ್ನು ಗರಸಿನಿಂದಲೇ ತುಂಬಿ, ನೀರು ಹಾಕಿ, ದಮ್ಮಸು ಮಾಡಬೇಕು. ವಿಜಯಪುರದ ಗೋಳಗುಮ್ಮಟ, ಎಂದರೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ, ಅಷ್ಟು ಭಾರವನ್ನು ಹೊತ್ತೂ ಒಂದು ಕಡೆ ವಾಲದೆ ನಿಂತಿರುವುದಕ್ಕೆ ಅದರ ಪಾಯ ಬಂಡೆಯ ಮೇಲೆಯೇ ಇರುವುದು ಒಂದು ಮುಖ್ಯ ಕಾರಣ. ಸುಲ್ತಾನನ ಸ್ಥಪತಿಗೂ ಹೊರ್ತಿಯ ಗೌಂಡಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎರೆ ಹತ್ತು ಹನ್ನೆರಡು ಅಡಿ ಇದ್ದರೆ ಅಷ್ಟು ಆಳದ ಅಗಲವಾದ ಪಾಯಕ್ಕೆ ಹಣ ಎಲ್ಲಿಂದ ತರುವುದು? ಸ್ವಾತಂತ್ರ್ಯ ಬಂದ ವರ್ಷವೇ, ಎಂದರೆ 1947ರಲ್ಲಿ, ಸ್ಥಾಪಿತವಾದ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆ ಇದಕ್ಕೊಂದು ಉಪಾಯವನ್ನು ಬೆಳೆಸಿ ದೇಶದಲ್ಲೆಲ್ಲ ಪ್ರಚಾರಕ್ಕೆ ತಂದಿತು. ಗೋಡೆಗಳು ಕೂಡುವ ಕಡೆಗಳಲ್ಲಿಯೂ ನಡುನಡುವೆಯೂ ಬೈರಿಗೆಯಿಂದ ಒಂದಡಿ ವ್ಯಾಸದ, ಮೂರು ನಾಲ್ಕು ಮೀಟರು ಆಳದ ರಂಧ್ರಗಳನ್ನು ಕೊರೆಯುತ್ತಾರೆ. ತಳದ ಬಳಿ ಇನ್ನೊಂದು ಉಪಕರಣದಿಂದ ಆ ರಂಧ್ರವನ್ನು ಎರಡೂವರೆ ಪಟ್ಟು ಅಗಲಿಸುತ್ತಾರೆ. ಸಳಿಗಳನ್ನಿಳಿಸಿ ಕಾಂಕ್ರೀಟು ತುಂಬಿದಾಗ ಗಡ್ಡೆಯುಳ್ಳ ಉಳ್ಳಾಗಡ್ಡಿಯ ಗಿಡದಂತೆ ಒಂದು ಕಂಬ ನೆಲದೊಳಗೆ ನೆಲೆಗೊಳ್ಳುತ್ತದೆ. ಸುಮಾರು ಮೂರೂವರೆ ಮೀಟರಿನ ಕೆಳಗೆ ಋತುಮಾನದ ತೇವದ ಏರಿಳಿತ ಬಹುಮಟ್ಟಿಗೆ ನಿಂತುಹೋಗುವುದರಿಂದ ಗಡ್ಡೆ ಅಲುಗದ ಮಣ್ಣಿನಲ್ಲಿರುತ್ತದೆ. ಮೇಲಿನ ಎರೆ ಉಬ್ಬಿ ಕಂಬವನ್ನು ಮೇಲಕ್ಕೆಳೆದರೂ ಗಡ್ಡೆ ಬಿಟ್ಟುಕೊಡುವುದಿಲ್ಲ. ಕಂಬಗಳ ತಲೆಗಳನ್ನು ಕೂಡಿಸುವ ತೊಲೆಯ ಕೆಳಗೆ ಕೆಲವು ಅಂಗುಲ ಬರಿಯ ತೆರವನ್ನು ಬಿಡುವುದು ಈ ಪದ್ಧತಿಯ ಮರ್ಮ. ಎರೆ ಆ ತೆರವಿನಲ್ಲಿ ತನ್ನ ಉಸಿರಾಟವನ್ನು ಮಾಡಿಕೊಳ್ಳಲಿ, ತೊಲೆಗೆ ತಾಗದಿರಲಿ ಎಂಬುದು ಅದರ ಅಭಿಪ್ರಾಯ. ಈ ತೆರವನ್ನು ‘ಪೊಳ್ಳು’ ಎಂದು ತಿಳಿದು ಕಲ್ಲುಮಣ್ಣು ತುಂಬಿ ಮುಚ್ಚಿದವರನ್ನೂ ನಾವು ಕಂಡಿದ್ದೇವೆ.

ಮೂರನೆಯದೊಂದು ದಾರಿ ನಮ್ಮ ನಾಡಿಗೆ ಹತ್ತಿರದ್ದು. ಮುಂಬಯಿಯ ಐ.ಐ.ಟಿ.ಯಲ್ಲಿ ಆರ್. ಕೆ. ಕಟ್ಟಿ ಅವರು ಎರೆಯ ಮೇಲೆ ನಡೆಸಿದ ಸಂಶೋಧನೆಯಿಂದ ಒಂದು ಕುತೂಹಲದ ಸಂಗತಿ ಹೊರಬಿದ್ದಿತು. ಅಂಟುಗುಣವಿದ್ದೂ ಉಬ್ಬದಂಥ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪಕ್ಕೆ ಎರೆಯ ಮೇಲೆ ಹಾಸಿ ಅದುಮಿದರೆ, ಕೆಳಗಿನ ಎರೆಯ ಉಬ್ಬರ ಬಹುವಾಗಿ ತಗ್ಗುತ್ತದೆ. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಈ ಕ್ರಮವನ್ನು ಬಳಸಿದರು. ಒಳ್ಳೆಯ ಕೆಂಪು ಗರಸು ಹತ್ತಿರದಲ್ಲಿಯೇ ಸಿಗುವವರಿಗೆ ಇದು ಅನುಕೂಲ.

ಪಾಯ ಹೇಗೇ ಇರಲಿ, ನೀರಿನ ದಾರಿ ಕೆಟ್ಟರೆ ಮನೆ ಕೆಡುತ್ತದೆ. ಹೊಸದಾಗಿ ಕಟ್ಟಿದ ಮನೆಯೊಂದರ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರಿದ ಬಿರುಕನ್ನು ನಾವು ಈಚೆಗೆ ನೋಡಿದೆವು. ಆ ಮೂಲೆಯ ಹೊರಗೇ ಬಚ್ಚಲು; ಅದರ ನೀರು ಮೋರಿಯಿಲ್ಲದೆ ಗೋಡೆಯ ಬುಡದಲ್ಲಿಯೇ ಇಂಗುತ್ತಿತ್ತು. ವರ್ಷವಿಡೀ ನೀರು ಕುಡಿದ ಮೂಲೆ ಉಬ್ಬಿ ನಿಂತಿದೆ. ಎದುರಿನ ಮೂಲೆ ಬಿಸಿಲಿಗೆ ಆರಿ ಕುಸಿದಿದೆ. ಆ ಕಡೆ ಗೋಡೆಗೆ ಹತ್ತೇ ಅಡಿ ದೂರದಲ್ಲಿ ಒಂದು ಬೇವಿನ ಮರವೂ ಇದ್ದಿತು. ಮರದ ಬೇರುಗಳು ಬೇಸಗೆಯಲ್ಲಿ ಮನೆಯ ಕೆಳಗಿನ ತೇವವನ್ನು ಹೀರುತ್ತವೆ. ಒಂದು ತುದಿಯಲ್ಲಿ ನೀರೆರೆದು, ಇನ್ನೊಂದು ತುದಿಯಲ್ಲಿ ಹಿಂಡಿದಂತಾಯಿತು! ಮನೆಯ ಯಜಮಾನರು ಸಿಮೆಂಟು ಕಡಿಮೆ ಹಾಕಿದರೆಂದು ಗೌಂಡಿಯನ್ನು ಬಯ್ಯುತ್ತಿದ್ದರು. ಸಿಮೆಂಟಿನ ಪಾಲು ಅಲ್ಲಿ ಏನೂ ಇರಲಿಲ್ಲ. ಬಚ್ಚಲ ನೀರನ್ನು ಕೊಳವೆಯಲ್ಲಿ ದೂರ ಒಯ್ಯುವುದು, ಮನೆಯ ಸುತ್ತ ಒಂದು ಮೀಟರು ಅಗಲಕ್ಕೆ ಹೊರಗೆ ಇಳಿಜಾರಾಗಿ ತಾಳಿಕೋಟೆಯ ಅಥವಾ ಶಹಾಬಾದಿನ ಫರಸಿಯನ್ನು ಸಂದಿಲ್ಲದಂತೆ ಹಾಸುವುದು, ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರದಲ್ಲಿ ಅದನ್ನು ನೆಡುವುದು, ಇವು ಕಡಿಮೆ ವೆಚ್ಚದ ಎಚ್ಚರಿಕೆಗಳು.

ಬಿರುಕಿನ ಕಾರಣವನ್ನು ತಿಳಿಯಲು ಒಂದು ಸಣ್ಣ ಉಪಾಯವುಂಟು. ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಬಿರುಕು ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ. ಎರಡೂ ಬದಿಗೆ ಸೀಸಕಡ್ಡಿಯಿಂದ ಗುರುತು ಮಾಡಿ ತಿಂಗಳಿಗೊಮ್ಮೆ ಅಳೆದರೆ ಇನ್ನೂ ಒಳ್ಳೆಯದು. ಮಳೆಗಾಲ ಬೇಸಗೆಗಳಿಗೆ ತಕ್ಕಂತೆ ಹಿಗ್ಗಿ ಕುಗ್ಗಿದರೆ ಅದು ಎರೆಯ ಕೆಲಸ. ಹಗಲು ರಾತ್ರಿಗೆ ತಕ್ಕಂತೆ ಬದಲಾದರೆ ಬಿಸಿಲಿನದು. ಒಂದೇ ಸಮನೆ ಬೆಳೆಯುತ್ತ ಹೋದರೆ ಪಾಯ ಇಳಿಯುತ್ತಿದೆ ಎಂದು ತಿಳಿದು ಕೂಡಲೆ ತಜ್ಞರನ್ನು ಕರೆಯಬೇಕು.

ಮಾಳಿಗೆಯೋ, ಸ್ಲ್ಯಾಬೋ?

ಗೋಡೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕರಿಕಲ್ಲು ಇಲ್ಲಿ ಧಾರಾಳ. ಕಲ್ಲುಗಳ ಸಂದು ಒಂದರ ಮೇಲೊಂದು ಬಾರದಂತೆ ನೋಡಿಕೊಂಡರೆ ಸಾಕು. ವಿವಾದವಿರುವುದು ಮೇಲಿನ ಹೊದಿಕೆಯದು.

ಈ ಸೀಮೆಯ ಹಳೆಯ ಮಾಳಿಗೆಯ ಮನೆಯನ್ನು ವಾಚಕರು ಬಲ್ಲರು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಒಂದೂವರೆ ಅಡಿಯಷ್ಟು ಮಣ್ಣು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಸವಳು ಮಣ್ಣನ್ನು ಹರಡುತ್ತಾರೆ. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುವುದರಿಂದ ಅವು ಸಂದುಗಳಲ್ಲಿ ಸೇರಿ ನೀರಿಳಿಯದಂತೆ ತಡೆಯುತ್ತವೆ. ಬೆಳೆಗೆ ಬಾರದ ಮಣ್ಣಿಗೆ ಇಂಥ ಉಪಯೋಗವನ್ನು ಕಂಡುಕೊಂಡವರ ಬುದ್ಧಿಯನ್ನು ಮೆಚ್ಚಬೇಕು.

ಈ ಮನೆಯೊಳಗೆ ಮೇ ತಿಂಗಳಿನ ಮಧ್ಯಾಹ್ನವೂ ತಂಪು. ಸ್ಲ್ಯಾಬಿನ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೂ ಕುದಿ. ಇದು ಭ್ರಮೆಯಲ್ಲ, ಲೆಕ್ಕಕ್ಕೆ ಸಿಗುವ ಸಂಗತಿ. ಸೂರ್ಯನ ಶಾಖ ಪ್ರತಿದಿನ ಏರಿಳಿಯುವುದರಿಂದ ಮಾಳಿಗೆಯೊಳಗೆ ಅದು ಅಲೆಯಂತೆ ಇಳಿಯುತ್ತದೆ. ಇಳಿಯುತ್ತ ಅಲೆ ಕುಗ್ಗುತ್ತದೆ, ತಡವೂ ಆಗುತ್ತದೆ. ಗಟ್ಟಿಸಿದ ಮಣ್ಣಿನಲ್ಲಿ ಸುಮಾರು 11 ಸೆಂಟಿಮೀಟರು, ಕಾಂಕ್ರೀಟಿನಲ್ಲಿ ಸುಮಾರು 14 ಸೆಂಟಿಮೀಟರು ಇಳಿಯುವಷ್ಟರಲ್ಲಿ ಅಲೆಯ ಎತ್ತರ ಮೂರನೆಯ ಒಂದು ಭಾಗಕ್ಕೆ ಬರುತ್ತದೆ ಮತ್ತು ಅದು ಸುಮಾರು ನಾಲ್ಕು ಗಂಟೆ ಹಿಂದೆ ಬೀಳುತ್ತದೆ. 45 ಸೆಂಟಿಮೀಟರು ಮಣ್ಣಿನ ಮಾಳಿಗೆಯಲ್ಲಿ ಇದು ನಾಲ್ಕು ಸಲ ನಡೆಯುತ್ತದೆ; ಹೊರಗಿನ ಏರಿಳಿತದಲ್ಲಿ ಒಳಗೆ ತಲುಪುವುದು ಶೇಕಡಾ ಎರಡರಷ್ಟು, ಅದೂ ಹದಿನೈದು ಗಂಟೆ ತಡವಾಗಿ. 12.5 ಸೆಂಟಿಮೀಟರಿನ ಸ್ಲ್ಯಾಬಿನಲ್ಲಿ ಶೇಕಡಾ ನಲವತ್ತಕ್ಕೂ ಹೆಚ್ಚು ಒಳಗೆ ಬರುತ್ತದೆ, ಮೂರು ಗಂಟೆಗೆ ತುಸು ಮೀರಿ. ಮಧ್ಯಾಹ್ನ ಎರಡರ ಉರಿ ಸಂಜೆ ಐದೂವರೆಗೆ ತಲೆಯ ಮೇಲೆ ಇಳಿದು, ಕಾದ ಸ್ಲ್ಯಾಬು ನಡುರಾತ್ರಿಯ ತನಕ ಶಾಖವನ್ನು ಸೂಸುತ್ತದೆ. ಇದು ಸ್ಥೂಲವಾದ ಲೆಕ್ಕ. ಆದರೆ ಎರಡು ಮನೆಗಳ ಅಂತರವನ್ನು ತಿಳಿಯಲು ಸಾಕು.

ಇಷ್ಟನ್ನು ಓದಿ ಹಳೆಯದೆಲ್ಲ ಒಳ್ಳೆಯದೆಂದು ತೀರ್ಮಾನಿಸುವವರು 1993ರ ಸೆಪ್ಟೆಂಬರ್ 30ನ್ನು ನೆನೆಯಬೇಕು. ಅಂದು ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಮಹಾರಾಷ್ಟ್ರದ ಕಿಲ್ಲಾರಿಯ ಪರಿಸರದಲ್ಲಿ 6.2 ಪ್ರಮಾಣದ ಭೂಕಂಪವಾಯಿತು. ಹೊರ್ತಿಯಿಂದ ಕಿಲ್ಲಾರಿ ನೇರವಾಗಿ 150 ಕಿಲೋಮೀಟರಿಗೂ ಕಡಿಮೆ. ಅದೇ ಕರಿಕಲ್ಲು, ಅದೇ ಎರೆ, ಅದೇ ಮಾಳಿಗೆಯ ಮನೆಗಳು. ಭೂಕಂಪದ ಭಯ ಅತ್ಯಂತ ಕಡಿಮೆ ಎಂದು ಗುರುತಿಸಿದ್ದ ವಲಯವದು. ಸತ್ತವರು ಹತ್ತು ಸಾವಿರಕ್ಕೆ ಹತ್ತಿರ. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ನೆಲದ ನಡುಕವಲ್ಲ, ಅವರದೇ ಗೋಡೆ ಮಾಳಿಗೆಗಳು. 2022ರ ಜುಲೈಯಲ್ಲಿ ವಿಜಯಪುರದ ಸುತ್ತಮುತ್ತಲೇ ನಾಲ್ಕಕ್ಕೂ ಮೇಲ್ಪಟ್ಟ ಪ್ರಮಾಣದ ಕಂಪನವಾದುದರಿಂದ ಇದನ್ನು ದೂರದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ಕಾರಣ ನ್ಯೂಟನ್ನನ ಎರಡನೆಯ ನಿಯಮದಲ್ಲಿದೆ. ನೆಲ ಪಕ್ಕಕ್ಕೆ ಜಗ್ಗಿದಾಗ ಗೋಡೆ ಹೊರಬೇಕಾದ ಬಲ ಅದರ ಮೇಲಿರುವ ದ್ರವ್ಯರಾಶಿಗೆ ಸಮಪ್ರಮಾಣದಲ್ಲಿರುತ್ತದೆ. ಒಂದೂವರೆ ಅಡಿ ಮಣ್ಣಿನ ಮಾಳಿಗೆಯ ತೂಕ ಚದರ ಮೀಟರಿಗೆ ಸುಮಾರು 750 ಕಿಲೋಗ್ರಾಂ, ಸ್ಲ್ಯಾಬಿನದು 310. ನಾಲ್ಕು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಒಂದು ಕೋಣೆಯಲ್ಲಿ ಮಲಗಿದವರ ಮೇಲೆ ಹನ್ನೆರಡು ಟನ್ನು ಮಣ್ಣು ನಿಂತಿರುತ್ತದೆ. ಅದನ್ನು ಹೊತ್ತ ಗೋಡೆಯಾದರೂ ಎಂಥದು? ಒಳಗೊಂದು ಕಲ್ಲಿನ ಮುಖ, ಹೊರಗೊಂದು ಮುಖ, ನಡುವೆ ಚೂರುಕಲ್ಲು ಮಣ್ಣು. ನಡುಗಿದಾಗ ಎರಡು ಮುಖಗಳೂ ಬೇರೆ ಬೇರೆಯಾಗಿ ಹೊಟ್ಟೆ ಬಿಟ್ಟು ಉರುಳುತ್ತವೆ. ತಂಪನ್ನು ಕೊಟ್ಟ ದಪ್ಪವೇ ಪ್ರಾಣವನ್ನು ತೆಗೆಯಿತು. ಆದುದರಿಂದ ಕಲ್ಲಿನ ಗೋಡೆಯನ್ನು ಕಟ್ಟುವವರು ಎರಡು ಮುಖಗಳನ್ನೂ ಹಿಡಿಯುವ ಆರುಪಾರು ಕಲ್ಲುಗಳನ್ನು ಅಲ್ಲಲ್ಲಿ ಇಡಲೇಬೇಕು. ಪಾಯದ ಮೇಲೆ, ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮತ್ತು ಗೋಡೆಯ ತುದಿಯಲ್ಲಿ ಸಳಿಯುಳ್ಳ ಕಾಂಕ್ರೀಟಿನ ಪಟ್ಟಿಯನ್ನು ಮನೆಯ ಸುತ್ತ ಎಲ್ಲಿಯೂ ತುಂಡಾಗದಂತೆ ಒಯ್ಯಬೇಕು. ಬಂಡಿಯ ಗಾಲಿಗೆ ಕಮ್ಮಾರ ಹಾಕುವ ಹಳಿ ಅದರ ಅರಗಳನ್ನು ಹೇಗೆ ಹಿಡಿದಿಡುತ್ತದೆಯೋ ಹಾಗೆ ಈ ಪಟ್ಟಿಗಳು ನಾಲ್ಕು ಗೋಡೆಗಳನ್ನು ಒಂದು ಪೆಟ್ಟಿಗೆಯಾಗಿ ಹಿಡಿಯುತ್ತವೆ. ಎರೆಯ ಎಳೆದಾಟಕ್ಕೂ ಇವು ಮದ್ದು.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಸ್ಲ್ಯಾಬನ್ನು ಹಾಕಿ ಅದರ ಮೇಲೆ ಹಳೆಯ ಮಾಳಿಗೆಯ ಗುಣವನ್ನು ಸ್ವಲ್ಪ ತಂದುಕೊಳ್ಳುವುದು ಲೇಸು. ಸ್ಲ್ಯಾಬಿನ ಮೇಲೆ ಹತ್ತು ಸೆಂಟಿಮೀಟರು ಮಣ್ಣನ್ನು ಗಟ್ಟಿಸಿ, ಅದರ ಮೇಲೆ ಹೆಂಚುಬಿಲ್ಲೆಗಳನ್ನು ಹಾಸಿದರೆ ಮಣ್ಣಿನಿಂದ ಕೂಡುವ ತೂಕ ಚದರ ಮೀಟರಿಗೆ 170 ಕಿಲೋಗ್ರಾಮಿನಷ್ಟು. ಆದರೆ ಒಳಗಿಳಿಯುವ ಶಾಖದ ಏರಿಳಿತ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಸ್ಲ್ಯಾಬನ್ನು ಎಣಿಸುವಾಗಲೇ ಈ ತೂಕವನ್ನು ಸೇರಿಸಬೇಕು. ಅದೂ ಬೇಡವೆನ್ನುವವರು ಪ್ರತಿ ಬೇಸಗೆಯ ಮೊದಲಿಗೆ ಸ್ಲ್ಯಾಬಿಗೆ ದಟ್ಟವಾಗಿ ಬಿಳಿ ಸುಣ್ಣವನ್ನು ಬಳಿಯಲಿ. ಬರಿಯ ಸಿಮೆಂಟಿನ ಮೈ ಬಿಸಿಲಿನ ಬಹುಭಾಗವನ್ನು ನುಂಗುತ್ತದೆ. ಹೊಸ ಸುಣ್ಣ ಬಹುಭಾಗವನ್ನು ಹಿಂದಿರುಗಿಸುತ್ತದೆ.

ಕಾದ ಸ್ಲ್ಯಾಬು ಹಿಗ್ಗುವುದೂ ಉಂಟು. ಹತ್ತು ಮೀಟರು ಉದ್ದದ ಸ್ಲ್ಯಾಬು 30 ಡಿಗ್ರಿ ಕಾದರೆ ಮೂರು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಕೆಳಗಿನ ಗೋಡೆ ಅಷ್ಟು ಕಾಯುವುದಿಲ್ಲ. ಹೊಸ ಮನೆಗಳಲ್ಲಿ ಸ್ಲ್ಯಾಬಿನ ಕೆಳಗೆ, ಗೋಡೆಯ ತುದಿಯಲ್ಲಿ ಅಡ್ಡಕ್ಕೆ ಓಡುವ ಸಣ್ಣ ಬಿರುಕು ಬಹುಮಟ್ಟಿಗೆ ಇದರ ಫಲ. ಸುಣ್ಣವೂ ಮಣ್ಣೂ ಇಲ್ಲಿಯೂ ಉಪಕಾರಿ. ಸ್ಲ್ಯಾಬಿನೊಳಗಿನ ಕಬ್ಬಿಣ ಮತ್ತು ಕಾಂಕ್ರೀಟುಗಳು ಮಾತ್ರ ಕಾದಾಗ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಾಗಿರದಿದ್ದರೆ ಈ ಜೋಡಿಯೇ ಅಸಾಧ್ಯವಾಗುತ್ತಿತ್ತು.

ಸ್ಲ್ಯಾಬಿಗೆ ನೀರು

ಸಿಮೆಂಟು ‘ಒಣಗಿ’ ಗಟ್ಟಿಯಾಗುತ್ತದೆ ಎಂಬ ತಪ್ಪು ಕಲ್ಪನೆ ವಿದ್ಯಾವಂತರಲ್ಲಿಯೂ ಇದೆ. ಸುಣ್ಣದ ಗಚ್ಚು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲಗೆ ಮತ್ತೆ ಸುಣ್ಣದಕಲ್ಲಾಗುತ್ತದೆ. ಸಿಮೆಂಟಿನ ದಾರಿ ಬೇರೆ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಒಣಗಿದೊಡನೆ ಆ ಕ್ರಿಯೆ ನಿಲ್ಲುತ್ತದೆ. ಆದುದರಿಂದ ಕಲಸುವಾಗ ನೀರು ಮಿತವಾಗಿಯೂ ಕಲಸಿ ಹಾಕಿದ ಮೇಲೆ ಧಾರಾಳವಾಗಿಯೂ ಇರಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ವಿರುದ್ಧ. 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲ ಬೇಡುವುದು ಸುಮಾರು 20 ಲೀಟರು ನೀರು; ಕೈಗೆ ಸಡಿಲವಾಗಲೆಂದು 25 ಹಾಕಬಹುದು. ಸುಲಭವಾಗಿ ಹರಿಯಲೆಂದು 35 ಹಾಕಿದರೆ ಮಿಕ್ಕ ನೀರು ಆವಿಯಾಗಿ ಹೋಗಿ ಅದಿದ್ದ ಎಡೆಗಳೆಲ್ಲ ರಂಧ್ರಗಳಾಗಿ ಉಳಿಯುತ್ತವೆ. ಬಲದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟ. ದುಡ್ಡು ಕೊಟ್ಟು ಕೊಂಡ ಸಿಮೆಂಟು, ಪುಕ್ಕಟೆ ನೀರಿನಿಂದ ಹಾಳು. ಸವಳು ನೀರಿನಿಂದ ಕಲಸಿದರೆ ಒಳಗಿನ ಸಳಿಗೆ ತುಕ್ಕು ಹಿಡಿಯುವುದು ಇನ್ನೊಂದು ಆಪತ್ತು. ಕುಡಿಯಲು ಬಾರದ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಬಳಸಬಾರದು.

ಹಾಕಿದ ಮೇಲೆ ನೀರು ಎಷ್ಟು ಬೇಕು? ಸಾವಿರ ಚದರ ಅಡಿಯ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸಲು ಸುಮಾರು 4,700 ಲೀಟರು ಬೇಕು. ಮೇ ತಿಂಗಳಿನ ಬಿಸಿಲು ಗಾಳಿಗಳಲ್ಲಿ ಪ್ರತಿದಿನ ಒಂದು ಸೆಂಟಿಮೀಟರಿನಷ್ಟು ಆವಿಯಾಗುವುದರಿಂದ ದಿನಕ್ಕೆ ಇನ್ನೂ ಸಾವಿರ ಲೀಟರಿನ ಹತ್ತಿರ. ಇಂಥ ಒಣಹವೆಯಲ್ಲಿ ಹತ್ತು ದಿನಗಳಿಗೆ ಕಡಿಮೆಯಾಗದಂತೆ ಹಸಿಯಾಗಿಡಬೇಕೆಂದು ನಿಯಮ. ಒಟ್ಟು ಹದಿನಾಲ್ಕು ಸಾವಿರ ಲೀಟರು, ಎಂದರೆ 5,000 ಲೀಟರಿನ ಮೂರು ಟ್ಯಾಂಕರು. ಹೊರ್ತಿಯಂಥ ಕಡೆ ಬೇಸಗೆಯಲ್ಲಿ ಮೂರು ಟ್ಯಾಂಕರು ನೀರನ್ನು ಸ್ಲ್ಯಾಬಿನ ಮೇಲೆ ಸುರಿಯುವುದೆಂದರೆ ನೆರೆಯವರು ಮುಖ ನೋಡುತ್ತಾರೆ. ಆದರೂ ಈ ಮೂರು ಟ್ಯಾಂಕರುಗಳ ಬೆಲೆ ಸ್ಲ್ಯಾಬಿಗೆ ಹಾಕಿದ ಕಬ್ಬಿಣ ಸಿಮೆಂಟುಗಳ ಬೆಲೆಯ ಮುಂದೆ ಏನೇನೂ ಅಲ್ಲ. ನೀರು ನಿಜವಾಗಿಯೂ ಕಡಿಮೆಯಿದ್ದರೆ ಗೋಣಿಚೀಲಗಳನ್ನು ನೆನೆಸಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚಿ ಅಂಚುಗಳಿಗೆ ಕಲ್ಲು ಹೇರಿದರೆ ಬಹಳ ನೀರು ಉಳಿಯುತ್ತದೆ.

ಕೆಲಸದ ಕಾಲವನ್ನು ಬದಲಾಯಿಸುವುದು ಇದಕ್ಕಿಂತಲೂ ಒಳ್ಳೆಯದು. ಜೋಳದ ರಾಶಿ ಮುಗಿದು ಕೈಗೆ ಹಣ ಬರುವುದು ಬೇಸಗೆಯಲ್ಲಿ. ಕೂಲಿಯಾಳುಗಳೂ ಆಗಲೇ ಬಿಡುವು. ಆದುದರಿಂದ ಮಾರ್ಚಿಯಲ್ಲಿ ಪಾಯ ಪೂಜೆ ಮಾಡಿ, ಮಿರುಗ ಮಳೆಗೆ ಮುನ್ನ ಸ್ಲ್ಯಾಬು ಮುಗಿಸುವ ಅವಸರ ಎಲ್ಲರದೂ. ಎರೆ ಅತ್ಯಂತ ಕುಗ್ಗಿ ಒಣಗಿದ ಕಾಲದಲ್ಲಿ ಪಾಯ, ಸಿಮೆಂಟಿನ ನೀರು ಅತ್ಯಂತ ಬೇಗ ಆರುವ ಕಾಲದಲ್ಲಿ ಸ್ಲ್ಯಾಬು! ಮೊದಲ ಮಳೆಗೇ ನೆಲ ಉಬ್ಬಿ ಹಸಿಗೋಡೆಯನ್ನು ಪರೀಕ್ಷಿಸುತ್ತದೆ. ಬೇಸಗೆಯಲ್ಲಿ ಪಾಯವನ್ನಷ್ಟೇ ಕಟ್ಟಿ, ಗರಸು ತುಂಬಿ, ಒಂದು ಮಳೆಗಾಲ ಹಾಗೆಯೇ ಬಿಡುವ ಹಳೆಯ ಪದ್ಧತಿಯೊಂದಿತ್ತು. ತುಂಬಿದ ಮಣ್ಣು ನೀರು ಕುಡಿದು ತನಗೆ ಬೇಕಾದಷ್ಟು ಇಳಿಯುತ್ತದೆ. ಎಲ್ಲಿಯಾದರೂ ಪಾಯ ಎದ್ದರೆ ಕುಸಿದರೆ ಗೋಡೆ ಏಳುವ ಮೊದಲೇ ಗೊತ್ತಾಗುತ್ತದೆ. ದೀಪಾವಳಿಯ ತರುವಾಯ ಗೋಡೆಗಳನ್ನೆಬ್ಬಿಸಿ, ಹವೆ ತಂಪಾಗಿರುವ ಡಿಸೆಂಬರ್, ಜನವರಿಗಳಲ್ಲಿ ಸ್ಲ್ಯಾಬು ಹಾಕಿದರೆ ಬಾವಿಗಳಲ್ಲಿಯೂ ಅಷ್ಟಿಷ್ಟು ನೀರಿರುತ್ತದೆ. ಒಳಗಿನ ಗಿಲಾವನ್ನು ಮಾರ್ಚಿಗೆ ಇಟ್ಟುಕೊಳ್ಳಬಹುದು; ಸುಣ್ಣ ಬಣ್ಣಗಳನ್ನು ಇನ್ನೊಂದು ಮಳೆಗಾಲ ನೋಡಿಕೊಂಡು ಮಾಡಿದರೂ ತಡವೇನಿಲ್ಲ.